ಪ್ರೊಸೆಸರ್ ಮೇಲಿನ ಮಣ್ಣಿನ ಗೂಡು

2023ರ ಬೇಸಿಗೆ. ನಾನಾಗ ಬಸುರಿ. ಅದಕ್ಕೂ ಮೊದಲು ಎರಡು ಸಲ ಮೂರನೇ ತಿಂಗಳಿಗೇ ಹೋಗಿತ್ತು. ಹಾಗಾಗಿ ಈ ಸಲ ಆರು ತಿಂಗಳು ತುಂಬಿದ್ದೇ ಮನೆಯವರಿಗೆಲ್ಲ ದೊಡ್ಡ ಸಂಗತಿ. ಮನೆಯವರೆಂದರೆ ಮೂರೇ ಜನ. ನಾನು, ಗಂಡ, ಅತ್ತೆ. ಗಂಡ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅತ್ತೆ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಮಾಡಿನ ಬಾಡಿಗೆ ಮನೆ ನಮ್ಮದು.

ನಾನು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್ ಮಾಡುತ್ತೇನೆ. ಕಾಲೇಜು ಮಕ್ಕಳ ಪ್ರಬಂಧ, ಸಂಘದ ವರದಿ, ಮದುವೆ ಕಾಗದ, ಎಲ್ಲವೂ. ತೀರ್ಥಹಳ್ಳಿಯಿಂದ ಕೈಬರಹದ ಹಾಳೆಗಳು ಗಂಡನ ಬಸ್ಸಿನಲ್ಲಿ ಬರುತ್ತವೆ, ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್ ಅದೇ ಬಸ್ಸಿನಲ್ಲಿ ವಾಪಸ್ ಹೋಗುತ್ತದೆ. ನನ್ನ ಮುಖ ನೋಡದ ಗಿರಾಕಿಗಳೇ ಹೆಚ್ಚು. ಹೇಳಿದ ದಿನಕ್ಕೆ ಕೊಡುತ್ತಾಳೆ ಎನ್ನುವ ಹೆಸರು ನನಗಿತ್ತು. ಆ ಹೆಸರಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಏಪ್ರಿಲ್ ತಿಂಗಳಲ್ಲಿ ಡಾಕ್ಟರು ಮೂರು ವಾರ ಮಂಚ ಬಿಟ್ಟು ಏಳಬೇಡ ಎಂದರು. ಅರ್ಧ ಟೈಪ್ ಆಗಿದ್ದ ಒಬ್ಬ ಹುಡುಗಿಯ ಪ್ರಬಂಧವನ್ನು ಹಾಗೇ ಬಿಟ್ಟು, ಕಂಪ್ಯೂಟರ್ ಆಫ್ ಮಾಡಿ ಮಲಗಿದೆ. ಆಗಲೇ ಒಂದು ಕುಂಬಾರ ಹುಳ ಮನೆಯೊಳಗೆ ಬರಲು ಶುರುಮಾಡಿತು. ನೋಡದವರಿಗಾಗಿ ಹೇಳುತ್ತೇನೆ, ಸೊಂಟ ದಾರದಷ್ಟು ಸಣ್ಣಗಿರುವ ಕಣಜ ಅದು. ಬಾಯಲ್ಲಿ ಹಸಿಮಣ್ಣು ತಂದು ಗೋಡೆಗೋ ಕಿಟಕಿಗೋ ಮೆತ್ತಿ ಗೂಡು ಕಟ್ಟಿ, ಒಳಗೆ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಗೋಡೆ ಹಿಡಿಸಲಿಲ್ಲ. ಸಿಪಿಯು ಡಬ್ಬದ ಹಿಂಭಾಗದಲ್ಲಿ ಪಟ್ಟಿ ಕಳಚಿಹೋಗಿದ್ದ ಒಂದು ಸಂದಿಯಿತ್ತು. ಅದರಲ್ಲಿ ಹೋಗಿ ಬಂದು ಮಾಡತೊಡಗಿತು.

ಮೊದಲು ಕಂಡದ್ದು ಅತ್ತೆಗೆ. ಕುಂಬಾರ ಹುಳ ಗೂಡು ಕಟ್ಟಿದ ಮನೆಯಲ್ಲಿ ಮಗು ಹುಟ್ಟುತ್ತದೆ, ಮರಿ ತಾನಾಗಿ ಹಾರಿಹೋಗುವ ತನಕ ಗೂಡು ಕೆಡಿಸಬಾರದು, ಕೆಡಿಸಿದರೆ ಕೇಡು ಎಂದು ಅವರ ತಾಯಿಯ ಕಾಲದಿಂದ ಬಂದ ನಂಬಿಕೆ. ಅವರ ಸಂಭ್ರಮ ಹೇಳತೀರದು. "ಹುಳಕ್ಕೂ ಗೊತ್ತಾಗಿದೆ ನೋಡು. ಅದು ಹಾರಿ ಹೋಗೋವರೆಗೂ ಆ ಡಬ್ಬಕ್ಕೆ ಕೈ ಹಾಕ್ಬೇಡ ಮಾರಾಯ್ತಿ" ಎಂದರು. ತೀರ್ಥಹಳ್ಳಿಯಲ್ಲಿರುವ ತಂಗಿಗೆ ಫೋನು ಮಾಡಿ ಹೇಳಿದರು, ಅಕ್ಕಪಕ್ಕದವರಿಗೂ ಹೇಳಿದರು. ನನಗೆ ನಗು ಬಂತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು.

ಮೂರು ವಾರ ಕಳೆದ ಮೇಲೆ ಕೂತು ಕೆಲಸ ಮಾಡಬಹುದು ಎಂದರು ಡಾಕ್ಟರು. ಆ ಹುಡುಗಿಗೆ ಸೋಮವಾರ ಕೊಡುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಗೂಡು ಮುಟ್ಟುವುದಿಲ್ಲ ಎಂದು ಅತ್ತೆಯನ್ನು ಒಪ್ಪಿಸಿ ಕಂಪ್ಯೂಟರ್ ಆನ್ ಮಾಡಿದೆ. ಐದು ನಿಮಿಷಕ್ಕೆ ತಾನಾಗಿ ಆಫ್ ಆಯಿತು. ಮತ್ತೆ ಹಾಕಿದರೆ, ಪ್ರೊಸೆಸರ್ ವಿಪರೀತ ಬಿಸಿಯಾಗಿದೆ ಎಂದು ಪರದೆಯ ಮೇಲೆ ಬಂತು. ಅತ್ತೆ ಡಬ್ಬದ ಮೇಲೆ ಕೈಯಿಟ್ಟು, ಇಡ್ಲಿ ಪಾತ್ರೆ ಹಾಗೆ ಸುಡ್ತಿದೆ, ಇನ್ನು ಹದಿನೈದು ದಿನ ಬಿಟ್ಟುಬಿಡು ಎಂದರು.

ಕಂಪ್ಯೂಟರ್ ಜೋಡಿಸಿಕೊಟ್ಟ ಸಾಗರದ ಅಂಗಡಿಯವರಿಗೆ ಫೋನು ಮಾಡಿದೆ. ಪ್ರೊಸೆಸರ್ ಮೇಲಿನ ಫ್ಯಾನು ತಿರುಗುತ್ತಿಲ್ಲ, ಬಸ್ಸಿಗೆ ಹಾಕಿ ಕಳಿಸಿ, ಸರಿಮಾಡಿಕೊಡ್ತೇನೆ ಎಂದರು. ಬಸ್ಸಿನ ಕುಲುಕಾಟಕ್ಕೆ ಗೂಡು ಉದುರುವುದು ಖಂಡಿತ, ಅತ್ತೆಗೆ ಗೊತ್ತಾಗುವುದೂ ಖಂಡಿತ. ನಾನೇ ಬಿಚ್ಚಿದರೆ ಗೊತ್ತಾಗುವುದಿಲ್ಲ. ಹೀಗೆ ಲೆಕ್ಕ ಹಾಕಿ, ಗಂಡನ ಹತ್ತಿರ ಸಾಗರದಿಂದ ಫ್ಯಾನು ಬಿಚ್ಚಿದರೆ ಪ್ರೊಸೆಸರಿಗೆ ಹೊಸದಾಗಿ ಹಚ್ಚಬೇಕಾದ, ಬಿಸಿ ಎಳೆಯುವ ಪೇಸ್ಟಿನ ಸಣ್ಣ ಟ್ಯೂಬು ತರಿಸಿದೆ. ಆ ಹುಡುಗಿಗೆ ಒಂದು ಫೋನು ಮಾಡಿ ಹದಿನೈದು ದಿನ ತಡವಾದರೆ ನಡೆಯುತ್ತದಾ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ರೇಷನ್ ಅಂಗಡಿಗೆ ಹೋದದ್ದೇ ತಡ, ವೈರುಗಳನ್ನು ಕಿತ್ತು ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಹುಳ ಗೂಡು ಕಟ್ಟಿದ್ದು ಸರಿಯಾಗಿ ಫ್ಯಾನಿನ ಮೇಲೆ. ರೆಕ್ಕೆಗಳ ನಡುವೆ, ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ, ಹೆಬ್ಬೆರಳು ಗಾತ್ರದ ಮಣ್ಣು. ಅಂಗಡಿಯವರು ಫೋನಿನಲ್ಲೇ ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ನಾಲ್ಕು ಮೂಲೆಯ ಪಿನ್ನು ತಿರುಗಿಸಿ ಫ್ಯಾನು ಎತ್ತಿದೆ. ಒಣಗಿದ ಹಳೇ ಪೇಸ್ಟನ್ನು ಹತ್ತಿಯಲ್ಲಿ ಒರೆಸಿದೆ. ಕೊನೆಗೆ ಫೋನಿಟ್ಟು, ಹೇರ್‌ಪಿನ್ನಿನಿಂದ ಮಣ್ಣು ಕೆರೆಯಲು ಕೂತೆ.

ಗೂಡು ಒಡೆಯಿತು. ಒಳಗೆ ಮರಿಯ ಊಟಕ್ಕೆಂದು ತಾಯಿ ತುಂಬಿಟ್ಟಿದ್ದ ಸಣ್ಣ ಸಣ್ಣ ಜೇಡಗಳಿದ್ದವು. ಅವುಗಳ ನಡುವೆ ಬೆಂದ ಅನ್ನದ ಅಗುಳಿನಂಥ ಒಂದು ಬಿಳಿ ಹುಳು. ಅದು ಮಿಸುಕಿತು. ಅದೇ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಮಗು ಒದೆಯಿತು. ಹೇರ್‌ಪಿನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಆಮೇಲೆ ಎಲ್ಲವನ್ನೂ ಕೆರೆದು ಪೇಪರಿನಲ್ಲಿ ಸುತ್ತಿ ಬಚ್ಚಲ ಒಲೆಯ ಬೂದಿಯಲ್ಲಿ ಹೂತೆ. ಪ್ರೊಸೆಸರ್ ಮೇಲೆ ಅರ್ಧ ಕಡಲೆಕಾಳಿನಷ್ಟು ಪೇಸ್ಟು ಇಟ್ಟು, ಫ್ಯಾನು ಕೂರಿಸಿ, ಹಿಂದಿನ ಸಂದಿಗೆ ಟೇಪು ಅಂಟಿಸಿದೆ. ಫ್ಯಾನು ಸೊಗಸಾಗಿ ತಿರುಗಿತು, ಡಬ್ಬ ತಣ್ಣಗಿತ್ತು. ಹೆಮ್ಮೆಯೆನಿಸಿತು. ಬಿಸಿ ತಾನಾಗಿ ಇಳಿಯಿತು ಎಂದು ಅತ್ತೆಗೆ ಹೇಳಿದೆ.

ಮರುದಿನ ಹುಳ ಮತ್ತೆ ಬಂತು, ಬಾಯಲ್ಲಿ ಮಣ್ಣು ಕಚ್ಚಿಕೊಂಡು. ಟೇಪಿಗೆ ಬಡಿಯಿತು, ಹಿಂದೆ ಸರಿದು ಮತ್ತೆ ಬಡಿಯಿತು. ನಾನು ಟೈಪ್ ಮಾಡುತ್ತಲೇ ಓರೆಗಣ್ಣಿನಲ್ಲಿ ಅತ್ತೆಯನ್ನು ನೋಡಿದೆ. ಅವರು ನೆಲದ ಮೇಲೆ ಕೂತು ತಲೆ ತಗ್ಗಿಸಿ ಬೀನ್ಸ್ ಹೆಚ್ಚುತ್ತಿದ್ದರು. ಸದ್ಯ, ನೋಡಲಿಲ್ಲ ಎಂದುಕೊಂಡೆ. ಸೋಮವಾರ ಪೆನ್‌ಡ್ರೈವ್ ಬಸ್ಸಿನಲ್ಲಿ ಹೋಯಿತು.

ಹತ್ತು ಹನ್ನೆರಡು ದಿನವಾಗಿರಬೇಕು, ಬೆಳಿಗ್ಗೆಯಿಂದ ಮಗು ಅಲುಗಾಡಲಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಹೊಕ್ಕುಳಬಳ್ಳಿ ಹುರಿಗೊಂಡಿತ್ತಂತೆ. ಇದು ಯಾರ ತಪ್ಪೂ ಅಲ್ಲ, ನೀವು ಏನು ಮಾಡಿದ್ದರೂ ಮಾಡದಿದ್ದರೂ ಆಗುತ್ತಿತ್ತು ಎಂದು ಅಲ್ಲಿನ ಡಾಕ್ಟರು ಕೈ ಹಿಡಿದು ಹೇಳಿದರು. ಹೆಣ್ಣು ಮಗು. ಟವೆಲಿನಲ್ಲಿ ಸುತ್ತಿದ್ದನ್ನು ಗಂಡ ಎದೆಗೆ ಒತ್ತಿಕೊಂಡು ಹೋದರು. ಎಲ್ಲಿಗೆ ಒಯ್ದರೆಂದು ಇವತ್ತಿಗೂ ನಾನು ಕೇಳಿಲ್ಲ.

ಮನೆಗೆ ಬಂದ ಮೇಲೆ ಮಾತಾಡಿಸಲು ಜನ ಬಂದರು. ತೀರ್ಥಹಳ್ಳಿಯಿಂದ ಅತ್ತೆಯ ತಂಗಿಯೂ ಬಂದರು. ಎಲ್ಲರೂ ಕೂತಿದ್ದಾಗ ಅವರು, "ಗೂಡು ಕಟ್ಟಿದೆ ಅಂದಿದ್ಯಲ್ಲಕ್ಕ, ಯಾರಾದ್ರೂ ಕೆಡಿಸಿದ್ರಾ?" ಎಂದು ಕೇಳಿಯೇಬಿಟ್ಟರು. ಎದುರಿಗೇ ಕಂಪ್ಯೂಟರ್, ಅದರ ಹಿಂದೆ ನಾನು ಅಂಟಿಸಿದ ಟೇಪು.

ಅತ್ತೆ ಲೋಟಗಳಿಗೆ ಕಾಫಿ ಹಾಕುತ್ತಿದ್ದರು. ತಲೆಯೆತ್ತದೆ, "ನಾನೇ ಕೆಡಿಸ್ದೆ. ಗುಡಿಸುವಾಗ ಪೊರಕೆ ತಾಗ್ತು" ಎಂದರು.

ಕೆಡಿಸಿದ್ದು ನಾನು ಎನ್ನದೆ ಕಾಫಿ ಲೋಟ ಕೈಗೆ ತೆಗೆದುಕೊಂಡೆ. ಆಗಲೇ ಬಾಯಿ ಬಿಟ್ಟಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಆರು ತಿಂಗಳ ನಂತರ ಆ ತಂಗಿಯ ಮನೆಯಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಾನೂ ಅತ್ತೆಯೂ ಹೋದೆವು. ಹೆಂಗಸರೆಲ್ಲ ಸಾಲಾಗಿ ತೊಟ್ಟಿಲು ತೂಗುತ್ತಿದ್ದರು. ಅತ್ತೆಯೂ ತೂಗಲು ಎದ್ದು ಹೊರಟಾಗ ತಂಗಿ ಮೆಲ್ಲಗೆ ಅವರ ತೋಳು ಹಿಡಿದು, ನೀನು ಅಲ್ಲೇ ಕೂತ್ಕೊಂಡಿರು ಅಕ್ಕ ಎಂದರು. ಅತ್ತೆ ಬಂದು ನನ್ನ ಪಕ್ಕ ಕೂತರು. ಮಡಿಲಲ್ಲಿ ಮಗುವಿಗೆಂದು ತಂದಿದ್ದ ಕುಲಾವಿ ಹಾಗೇ ಇತ್ತು.

ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಅವರ ಮುಂದೆ ಕೂತು, ಗೂಡು ಕೆಡಿಸಿದ್ದು ನಾನು ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಟೇಪಿಗೆ ಹುಳ ಬಡಿದ ದಿನವೇ ಗೊತ್ತಾಗಿತ್ತಂತೆ. ಆಮೇಲೆ ಬೂದಿ ತೆಗೆಯುವಾಗ ಪೇಪರಿನ ಗಂಟೂ ಸಿಕ್ಕಿತ್ತಂತೆ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಹೇಳಿ ಎಂತ ಮಾಡೋದು" ಎಂದರು. ಕುಲಾವಿಯನ್ನು ಮಡಚಿಡುತ್ತಾ, "ನಂಗೊಂದು ಮಾತು ಹೇಳಿದ್ರೆ ನಾನೇ ಕೆಡಿಸಿಕೊಡ್ತಿದ್ದೆ ಕಣೆ. ಬರೋದು ನನ್ ಮೇಲೇ ಬರ್ತಿತ್ತು" ಎಂದರು.

ನಾನು ಡಾಕ್ಟರ ಮಾತನ್ನು ನಂಬುತ್ತೇನೆ. ಹುಳಕ್ಕೂ ಹೊಕ್ಕುಳಬಳ್ಳಿಗೂ ಸಂಬಂಧವಿಲ್ಲ. ಆದರೆ ಅತ್ತೆ ಆ ನಂಬಿಕೆಯಲ್ಲೇ ಬೆಳೆದವರು. ನನ್ನ ಕೈಯಿಂದಲೇ ಮಗು ಹೋಯಿತು ಎಂದು ಅವರು ನಿಜವಾಗಿ ನಂಬಿದ್ದಾರೆ. ಹಾಗೆ ನಂಬಿಯೂ ಹತ್ತು ಜನರ ಮುಂದೆ ಅದನ್ನು ತಮ್ಮ ಮೇಲೆ ಹಾಕಿಕೊಂಡರು. ಬೈದಿದ್ದರೆ ಎದುರು ವಾದಿಸಿ ಹಗುರಾಗುತ್ತಿದ್ದೆ.

ತಂಗಿಯ ಮನೆಗೆ ಹೋಗಿ ನಿಜ ಹೇಳುತ್ತೇನೆ ಎಂದರೆ ಅತ್ತೆ ಇವತ್ತಿಗೂ ಬಿಡುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಗೂಡು ಕೆಡಿಸಿದ್ದು ಅವರಲ್ಲ, ನಾನು.