ಕಾಸಿಂಸಾಬರ ಕಾಲಿಂಗ್ ಬೆಲ್

ಕೊರೊನಾ ಕಳೆದ ಮರುವರ್ಷದ ಮಾತು. ವಿಜಯಪುರದಲ್ಲಿ ಮನೆಗಳಿಗೆ ಕ್ಯಾಮೆರಾ, ಆಟೋಮ್ಯಾಟಿಕ್ ಗೇಟು, ವಿಡಿಯೊ ಬೆಲ್ ಕೂರಿಸುವ ಅಂಗಡಿ ನನ್ನದು. ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಕಾಸಿಂಸಾಬರು ಮನೆ ಕಟ್ಟಿಸಿದ್ದರು. ಬಬಲೇಶ್ವರ, ಕಾಖಂಡಕಿ ರೂಟಿನಲ್ಲಿ ಟಿಕೆಟ್ ಹರಿದು ಹರಿದು ನಿವೃತ್ತರಾದ ಕಂಡಕ್ಟರ್. ಮಕ್ಕಳಿಲ್ಲ. ಪಾಯ ಹಾಕಿದ ವರ್ಷವೇ ಹೆಂಡತಿ ತೀರಿಕೊಂಡಿದ್ದರು.

"ಆಕಿ ಆಸೆ ಇತ್ರಿ. ಏನೇನು ಹೊಸಾದು ಬಂದೈತಿ, ಎಲ್ಲಾ ಹಾಕ್ರಿ" ಎಂದರು.

ನಾನೇನು ಬೇಡವೆನ್ನಲೇ? ಚಪ್ಪಾಳೆಗೆ ಹತ್ತುವ ದೀಪ, ತಾನೇ ಮುಚ್ಚಿಕೊಳ್ಳುವ ಎತ್ತರದ ಗೇಟು, ಅದರ ಮೇಲೊಂದು ಕ್ಯಾಮೆರಾ, ಬೆರಳು ತಾಕಿದರೆ ಒಳಗೆ ಸಂಗೀತ ನುಡಿಸುವ ಗಾಜಿನ ಬೆಲ್, ಹೀಗೆ ಇದ್ದ ಥಳಕನ್ನೆಲ್ಲ ಹಾಕಿದೆ.

ಕೆಲವೇ ದಿನಗಳಲ್ಲಿ ಫೋನು ಬಂತು. "ಬೆಲ್ ಕೆಟ್ಟೈತ್ರಿ. ಒಮ್ಮಿನೂ ಬಡದಿಲ್ಲ." ಹೋಗಿ ಒತ್ತಿದೆ, ಚೆನ್ನಾಗಿಯೇ ನುಡಿಯಿತು. ಚಹಾ ಕುಡಿಸಿ ಕಳಿಸಿದರು. ಮತ್ತೆ ಅದೇ ದೂರು, ಮತ್ತೆ ಚಹಾ. ಮೂರನೆಯ ಸಲ, ಒತ್ತುವವರೇ ಇಲ್ಲವಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಜೀವಮಾನ ಎಲ್ಲಾ ಮಂದಿ ನಡುವ ನಿಂತಾಂವ ನಾ. ಒಬ್ರೂ ಬರೂದಿಲ್ಲಂದ್ರ ಹೆಂಗ್ರಿ?" ಎಂದರು ಅವರು.

ಅವರ ಮುಖ ನೋಡಲಾಗದೆ ಗೇಟಿನ ಕ್ಯಾಮೆರಾದ ರೆಕಾರ್ಡಿಂಗ್ ಹಚ್ಚಿದೆ. ಜನ ಬಂದಿದ್ದರು! ಕಾಖಂಡಕಿಯ ಹಳೆಯ ಪ್ರಯಾಣಿಕರು ಬಂದಿದ್ದರು. ಕಾಸಿಂಸಾಬರದೇ ಬಸ್ಸಿನ ಡ್ರೈವರಾಗಿದ್ದ ಟಿಕೋಟಾದ ಈರಣ್ಣ ದ್ರಾಕ್ಷಿಯ ಬುಟ್ಟಿ ಹಿಡಿದು ಬಂದಿದ್ದ. ಎಲ್ಲರೂ ಗೇಟಿನ ಮುಂದೆ ನಿಂತು ಬಾಯ್ತುಂಬ ಕೂಗಿದ್ದರು. ನಮ್ಮ ಕಡೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುವುದೇ ರೂಢಿ. ಬೆಲ್ ಒತ್ತುವುದು ಅಪರಿಚಿತರು. ಎಸಿಗಾಗಿ ಕಿಟಕಿ ಬಾಗಿಲು ಮುಚ್ಚಿಕೊಂಡ ಮನೆಯೊಳಗೆ ಒಬ್ಬರ ಕೂಗೂ ಕೇಳಿರಲಿಲ್ಲ.

ಕಾಸಿಂಸಾಬರು ಅಲ್ಲೇ ಈರಣ್ಣನಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಅವನ ದನಿ ನನಗೂ ಕೇಳಿತು.

"ಬಂದಿದ್ನೋ ಕಾಸಿಂ. ಗಂಟಲಾ ಹರಿಯೂ ಹಂಗ ಕರದ್ನಿ. ದೊಡ್ಡಾಂವ ಆಗೀದಿ ಬಿಡು, ಬಾಗಲಾ ತಗೀಲಿಲ್ಲ."

"ಕೇಳಿಸಲಿಲ್ಲೋ. ಇನ್ನೊಮ್ಮಿ ಬಾರೋ."

"ನೋಡೂಣು" ಎಂದು ಈರಣ್ಣ ಫೋನಿಟ್ಟ.

ಅವರು ಹೇಳಿದಂತೆ ಗೇಟಿನ ಮೋಟರ್ ಬಿಚ್ಚಿದೆ. ನಾನು ಹೊರಡುವಾಗ ತೆರೆದ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಟಿಕೋಟಾ ಕಡೆಯ ರಸ್ತೆ ನೋಡುತ್ತ ಕೂತಿದ್ದರು. ನನಗೆ ಬಹಳ ಸಂಕಟವಾಯಿತು.

ಈಗ ಯಾರ ಮನೆಗೆ ಹೋದರೂ ಕ್ಯಾಟಲಾಗ್ ಬಿಚ್ಚುವ ಮೊದಲು ನಾನು ಒಂದು ಮಾತು ಕೇಳುತ್ತೇನೆ: "ನಿಮ್ಮ ಮನಿಗೆ ಬರೋ ಮಂದಿ ನಿಮ್ಮನ್ನ ಹೆಂಗ ಕರೀತಾರ್ರಿ?"