ನಮ್ಮ ದೇಶದಲ್ಲಿ ಬರದ ಕಾಯಿಲೆ

"ಅದು ನಮ್ಮ ದೇಶದಲ್ಲಿ ಬರೋದೇ ಇಲ್ಲ ಕಣಮ್ಮ. ಚಳಿ ದೇಶದ ಬಿಳಿಯರಿಗೆ ಬರೋ ಕಾಯಿಲೆ ಅದು."

ಹೀಗೆ ತೀರ್ಪು ಕೊಟ್ಟವರು ನಮ್ಮ ಸೀನಣ್ಣ ಮಾವ. ಬ್ಯಾಂಕಿನಿಂದ ರಿಟೈರ್ ಆದವರು. ಜಾಗ, ಮಾಲೂರಿನ ಒಂದು ಕಲ್ಯಾಣ ಮಂಟಪದ ಊಟದ ಹಾಲ್. ಹೋದ ತಿಂಗಳು ಹತ್ತಿರದ ನೆಂಟರ ಮದುವೆ. ಮಾವನ ಬಲಗೈ ಹೋಳಿಗೆಯ ಮೇಲಿತ್ತು, ಎಡಗೈಯಲ್ಲಿ ಫೋನಿತ್ತು. ಇಷ್ಟಕ್ಕೂ ಅವರು ಇದನ್ನು ಹೇಳಿದ್ದು ಯಾರಿಗೆ ಗೊತ್ತೇ? ಅದೇ ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡು ಪಕ್ಕದ ಎಲೆಗೆ ಕೂತಿದ್ದ ನನ್ನ ತಂಗಿ ರತ್ನಳಿಗೆ!

ರತ್ನ ಸುಮ್ಮನಿರುವವಳಲ್ಲ. "ಹಂಗಾದ್ರೆ ನಾನು ಯಾವ ದೇಶದೋಳು ಮಾವ? ನೀವೇ ಹೇಳಿ, ಅಲ್ಲಿಗೇ ಹೋಗ್ತೀನಿ" ಅಂದಳು.

ಮಾವ ನಗಲಿಲ್ಲ. ಫೋನನ್ನು ಅವಳ ಮುಖದ ಹತ್ತಿರ ಹಿಡಿದರು. "ಇಲ್ನೋಡು, ಇದ್ರಲ್ಲೇ ಬರ್ದಿದ್ದಾರೆ, ಭಾರತದಲ್ಲಿ ಅಪರೂಪ ಅಂತ. ಆ ಡಾಕ್ಟ್ರು ನಿಂಗೆ ಟೋಪಿ ಹಾಕಿರ್ಬೇಕು. ಬಿ ಟ್ವೆಲ್ವ್ ಕಮ್ಮಿ ಆಗಿರುತ್ತೆ, ಅಷ್ಟೇ. ದಿನಾ ಒಂದು ಲೋಟ ನುಗ್ಗೆಸೊಪ್ಪಿನ ರಸ ಕುಡಿ, ಎದ್ದು ಓಡ್ತೀಯ."

ಮದುವೆ ಮನೆ. ಜಗಳವಾಡುವ ಹಾಗಿಲ್ಲ. ನಾನು ಹಪ್ಪಳ ಪುಡಿ ಮಾಡಿದೆ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಚಿಕ್ಕದಾಗಿ ಎಂ.ಎಸ್. (ಎಂ.ಎಸ್. ಅಂದರೆ ಯಾವುದೋ ಡಿಗ್ರಿ ಅಂದುಕೊಂಡು 'ಕಂಗ್ರಾಟ್ಸ್' ಹೇಳಿದ ಪುಣ್ಯಾತ್ಮರೂ ನಮ್ಮ ಬಳಗದಲ್ಲಿದ್ದಾರೆ.) ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು, ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ಕೆಡಿಸುತ್ತದೆ. ರತ್ನ ಇದನ್ನೇ ಇನ್ನೂ ಸಲೀಸಾಗಿ ಹೇಳುತ್ತಾಳೆ: "ಬೋರ್‌ವೆಲ್ ವೈರಿನ ಪ್ಲಾಸ್ಟಿಕ್ಕು ಇಲಿ ಕಡ್ದಂಗೆ. ಕರೆಂಟು ಇರುತ್ತೆ, ಮೋಟ್ರೂ ಇರುತ್ತೆ. ನೀರು ಮಾತ್ರ ಒಂದ್ಸಲ ಬರುತ್ತೆ, ಒಂದ್ಸಲ ಬರಲ್ಲ."

ಅವಳಿರುವುದು ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಗಂಡ ಹೆಂಡತಿ ಸೇರಿ ಟೊಮೇಟೊ ಬೆಳೆಯುತ್ತಾರೆ. ಹಣ್ಣಿನ ಬಣ್ಣ ನೋಡಿ ವಿಂಗಡಿಸಿ ಕ್ರೇಟಿಗೆ ತುಂಬಿಸುವುದು ಮೊದಲಿನಿಂದಲೂ ರತ್ನಳ ಕೆಲಸ. ಕೆಲವು ವರ್ಷಗಳ ಹಿಂದೆ, ಮಾರ್ಕೆಟ್ಟಿಗೆ ಲೋಡ್ ಹಾಕಿಸಿ ಕೋಲಾರದ ನಮ್ಮ ಮನೆಗೆ ಬಂದವಳು, ಅಡುಗೆಮನೆಯಲ್ಲಿ ಒಂದು ಹಣ್ಣು ಎತ್ತಿ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡತೊಡಗಿದಳು.

"ಅಕ್ಕ, ಈ ಕಣ್ಣಿಗೆ ಕೆಂಪಗಿದೆ. ಈ ಕಣ್ಣಿಗೆ ಸುಣ್ಣದ ನೀರಲ್ಲಿ ಅದ್ದಿದಂಗಿದೆ ಕಣೇ."

ಕನ್ನಡಕ ಮಾಡಿಸಿದೆವು. ಕೆಲವು ವಾರಗಳಲ್ಲಿ ಬಣ್ಣ ತಾನಾಗಿಯೇ ಮರಳಿತು. ಹೊಗಳಿಕೆಯೆಲ್ಲ ಕನ್ನಡಕಕ್ಕೆ ಸಿಕ್ಕಿತು.

ಮರುವರ್ಷ ಕಾಲಿಗೆ ಬಂತು. ಅಂಗಾಲ ಕೆಳಗೆ ರಾಗಿ ಹೊಟ್ಟು ಹಾಸಿದ ಹಾಗೆ, ನೆಲವೇ ಗೊತ್ತಾಗುತ್ತಿಲ್ಲ ಅಂದಳು. ಬದುವಿನ ಮೇಲೆ ನಡೆಯುತ್ತ ಬಿದ್ದಳು. ಆಗ ನೋಡಿ, ಇಡೀ ಜಿಲ್ಲೆ ಡಾಕ್ಟರಾಯಿತು. ಕ್ಯಾಲ್ಸಿಯಂ ಕಮ್ಮಿ. ವಾಯು. ಯಾರದೋ ಕಣ್ಣು. ಒಬ್ಬ ನಿಜವಾದ ಡಾಕ್ಟರೇ, ಅವಳ ಗಂಡ ಎದುರಿಗೆ ಕೂತಿರುವಾಗಲೇ, "ಟೆನ್ಷನ್ ಅಷ್ಟೇ. ಮನೇಲಿ ಏನಾದ್ರೂ ಜಗಳಾನಾ?" ಅಂದರಂತೆ. ಪಾಪ, ಅವಳ ಗಂಡ ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಕುರುಡುಮಲೆ ಗಣಪನಿಗೂ ಹರಕೆ ಹೊತ್ತಾಯಿತು. ಗಣಪನ ಮೇಲೆ ನನ್ನ ತಕರಾರೇನೂ ಇಲ್ಲ. ಸ್ಕ್ಯಾನ್ ಮಾಡಿಸಬೇಡಿ ಅಂತ ಅವನು ಯಾವತ್ತೂ ಹೇಳಿದವನಲ್ಲ. ಹೇಳಿದ್ದು ನೆಂಟರು.

ಕೊನೆಗೆ ಒಬ್ಬ ಡಾಕ್ಟರಮ್ಮ ಕಾಲು ಪರೀಕ್ಷೆ ಮಾಡುತ್ತ, "ಹಿಂದೆ ಯಾವಾಗ್ಲಾದ್ರೂ ಕಣ್ಣು ಮಂಜಾಗಿತ್ತಾ?" ಎಂದು ಕೇಳಿದರು. ಕಣ್ಣಿಗೂ ಕಾಲಿಗೂ ನಂಟು ಹಾಕಿದ ಮೊದಲ ಪ್ರಶ್ನೆ ಅದು. ಬೆಂಗಳೂರಿಗೆ ಕಳಿಸಿದರು. ಎಂ.ಆರ್.ಐ. ಆಯಿತು, ಹೆಸರು ಸಿಕ್ಕಿತು, ಔಷಧಿ ಶುರುವಾಯಿತು. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಆದರೆ ಸರಿಯಾದ ಔಷಧಿ ಬಿಡದೆ ತೆಗೆದುಕೊಂಡರೆ ಹೊಸ ಏಟುಗಳನ್ನು ತಡೆದು ಹಿಡಿಯಬಹುದು. ರತ್ನ ಈಗ ಕೋಲು ಹಿಡಿದು ನಡೆಯುತ್ತಾಳೆ. ಬಿಸಿಲೇರಿದರೆ ಕಣ್ಣು ಮಬ್ಬಾಗುತ್ತದೆ. ಹಾಗಾಗಿ ಹೊಂಗೆ ಮರದ ನೆರಳಲ್ಲಿ ಕೂತು ಹಣ್ಣು ವಿಂಗಡಿಸುತ್ತಾಳೆ, ಕೂಲಿಯವರನ್ನು ಅಲ್ಲಿಂದಲೇ ಬೈಯುತ್ತಾಳೆ.

ಮತ್ತೆ ಮಾಲೂರಿಗೆ ಬರೋಣ. ಊಟ ಮುಗಿಸಿ ಕೈ ತೊಳೆಯುವ ಕಡೆ ಹೋದೆವು. ಹಿಂದೆಯೇ ಒಬ್ಬ ಹುಡುಗಿ ಬಂದಳು. ಹೊಸ ಮದುವಣಗಿತ್ತಿಯ ಕಳೆ ಇನ್ನೂ ಮಾಸಿರಲಿಲ್ಲ. ಎದುರು ಸಾಲಿನಲ್ಲಿ ಊಟಕ್ಕೆ ಕೂತಿದ್ದವಳು. ಅತ್ತಿತ್ತ ನೋಡಿ ರತ್ನಳನ್ನು ಕೇಳಿದಳು: "ಅಕ್ಕಾ, ಒಳಗೆ ಹೇಳ್ತಿದ್ರಲ್ಲ, ಎಂ.ಎಸ್. ಅಂತ. ನಿಜವಾಗ್ಲೂ ನಿಮಗಿದೆಯಾ?"

"ಹೂಂ ಕಣಮ್ಮ. ಯಾಕೆ?"

"ನನಗೂ ಅದೇ."

ಅವಳ ಹೆಸರು ಬರೆಯುವುದಿಲ್ಲ. ಶ್ರೀನಿವಾಸಪುರ ತಾಲ್ಲೂಕಿಗೆ ಸೊಸೆಯಾಗಿ ಬಂದವಳು ಅಂತಷ್ಟೇ ಇಟ್ಟುಕೊಳ್ಳಿ. (ಬರೆಯಲು ಒಪ್ಪಿಗೆ ಕೊಟ್ಟವಳು ಅವಳೇ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.) ಕಾಲೇಜಿನಲ್ಲಿದ್ದಾಗಲೇ ಕಾಯಿಲೆ ಗೊತ್ತಾಗಿತ್ತು. ಅಪ್ಪ ಅಮ್ಮ ಬಾಯಿ ಮುಚ್ಚಿಸಿದರು. ಮದುವೆ ಮಾಡಿದರು. ಗಂಡನ ಮನೆಯವರ ಕಣ್ಣಿಗೆ ಬೀಳುತ್ತದೆಂದು ಇವಳು ಔಷಧಿಯನ್ನೇ ನಿಲ್ಲಿಸಿದಳು. ಸುಸ್ತಾದಾಗ 'ಬೆನ್ನುನೋವು' ಅನ್ನುತ್ತಾಳೆ. ಇತ್ತೀಚೆಗೆ ಬಲಗೈ ಜೋಮು ಹಿಡಿದು, ಹಾಲಿನ ಪಾತ್ರೆ ಕೈಜಾರಿ ಚೆಲ್ಲಿಹೋಯಿತು. ಅತ್ತೆ, "ಮೈಮೇಲೆ ಗ್ಯಾನ ಇಲ್ದಿರೋ ಹುಡುಗಿ" ಅಂದರು.

ಹೇಳುತ್ತ ಹೇಳುತ್ತ ಹೆದರಿದಳು. ರತ್ನಳ ಕೈ ಹಿಡಿದುಕೊಂಡು ತೆಲುಗಿಗೆ ಜಾರಿದಳು. "ಎವರಿಕೀ ಚೆಪ್ಪೊದ್ದಕ್ಕಾ!" ಯಾರಿಗೂ ಹೇಳಬೇಡಿ ಅಕ್ಕಾ.

ರತ್ನ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿದಳು. "ಯಾರಿಗೂ ಹೇಳಲ್ಲ. ಆದ್ರೆ ನೀನು ಹೇಳ್ಬೇಕು. ನಿನ್ನ ಗಂಡನಿಗೆ."

"ಅವರು ಬಿಟ್ಟುಬಿಟ್ರೆ?"

ರತ್ನ ಕೋಲನ್ನು ಗೋಡೆಗೆ ಒರಗಿಸಿ ಅವಳ ಪಕ್ಕದಲ್ಲೇ ಕೂತಳು. ಒಳಗಡೆ ವಾಲಗ ಜೋರಾಗಿತ್ತು.

"ಬಿಟ್ರೆ ಬಿಡ್ಲಿ ಅಂತ ಸುಲಭಕ್ಕೆ ಹೇಳಲ್ಲ ಕಣಮ್ಮ. ನಂಗೂ ಸಂಸಾರ ಇದೆ. ಆದ್ರೆ ಕೈ ಜೋಮು ಮುಚ್ಚಿಟ್ಟಂಗೆ ಕಾಲು ಬಿದ್ದೋದ್ರೆ ಮುಚ್ಚಿಡೋಕಾಗುತ್ತಾ? ಅವತ್ತು ಅವನಿಗೆ ಗೊತ್ತಾಗೇ ಆಗುತ್ತೆ. ಇವತ್ತೇ ಗೊತ್ತಾದ್ರೆ ಕಾಲಾದ್ರೂ ಉಳಿಯುತ್ತೆ."

ಹುಡುಗಿ ರತ್ನಳ ನಂಬರ್ ತೆಗೆದುಕೊಂಡು, ಕಣ್ಣೊರೆಸಿಕೊಂಡು, ಗಂಡನ ಪಕ್ಕ ಫೋಟೋಗೆ ನಿಲ್ಲಲು ಹೋದಳು.

ಕೋಲಾರಕ್ಕೆ ವಾಪಸ್ ಬರುವಾಗ ಕಾರಿನಲ್ಲಿ ರತ್ನ ಇನ್ನೊಂದು ಕಥೆ ಹೇಳಿದಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳಿಗೆ ಪರಿಚಯವಾದ ಒಬ್ಬ ಯುವಕ. ಇವನೂ ಮುಳಬಾಗಿಲು ಕಡೆಯವನೇ. ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಕಂಪನಿ ಬಸ್ಸು ಇಳಿಯುವಾಗ ತೂರಾಡುತ್ತಿದ್ದ. ಬೆಳಿಗ್ಗೆ ಬೆಳಿಗ್ಗೆಯೇ ಕುಡಿದು ಬರುತ್ತಾನೆ ಅಂತ ಸುದ್ದಿಯಾಯಿತು. ಕಾಯಿಲೆಯ ಹೆಸರು ಅವನಿಗೇ ಗೊತ್ತಾಗುವ ಹೊತ್ತಿಗೆ 'ಕುಡುಕ' ಎಂಬ ಹೆಸರು ಊರಿಗೆಲ್ಲ ಗೊತ್ತಾಗಿತ್ತು. ಕೆಲಸ ಬಿಟ್ಟ. ಕುಡುಕ ಅನ್ನುವವರು ಇನ್ನೂ ಬಿಟ್ಟಿಲ್ಲ.

ಈಗ ಹೇಳಿ. ಅಪರೂಪ ಅಂದರೆ ಏನು?

ಒಂದು ಸಲ ಬೆಂಗಳೂರಿನಲ್ಲಿ ರತ್ನಳ ನರರೋಗ ತಜ್ಞರನ್ನೇ ಕೇಳಿದ್ದೆ, "ನಮ್ಮ ದೇಶದಲ್ಲಿ ಇದು ಎಷ್ಟು ಜನಕ್ಕಿದೆ ಡಾಕ್ಟ್ರೇ?" ಅವರು ಕನ್ನಡಕ ತೆಗೆದಿಟ್ಟರು. "ಗೊತ್ತಿಲ್ಲಮ್ಮ. ನಾವು ಓದುವಾಗ ಭಾರತದಲ್ಲಿ ಬಹಳ ಕಡಿಮೆ ಅಂತಿದ್ರು. ಎಂ.ಆರ್.ಐ. ಬಂತು, ನರದ ಡಾಕ್ಟರು ಹೆಚ್ಚಾದ್ರು. ಹುಡುಕ್ತಾ ಹೋದಂಗೆ ಸಿಗ್ತಾ ಹೋದ್ರು. ಯುರೋಪಿನಷ್ಟು ಇಲ್ಲದೆ ಇರಬಹುದು. ಆದ್ರೆ ಇಡೀ ದೇಶದಲ್ಲಿ ಮನೆ ಮನೆಗೆ ಹೋಗಿ ಎಣಿಸಿದವರಿಲ್ಲ. ಇರೋದೆಲ್ಲ ದೊಡ್ಡ ಆಸ್ಪತ್ರೆಗಳ ಲೆಕ್ಕ, ಅದರ ಮೇಲೆ ಕಟ್ಟಿದ ಅಂದಾಜು."

ಅಂದರೆ ಏನಾಯಿತು? ದೊಡ್ಡ ಆಸ್ಪತ್ರೆ ಮುಟ್ಟಿದವರು ಲೆಕ್ಕಕ್ಕೆ. ಟೆನ್ಷನ್ ಅನ್ನಿಸಿಕೊಂಡವರು, ಕುಡುಕ ಅನ್ನಿಸಿಕೊಂಡವರು, ಬೆನ್ನುನೋವಿನ ಹೆಸರಲ್ಲಿ ಬಚ್ಚಿಟ್ಟುಕೊಂಡವರು ಯಾವ ಲೆಕ್ಕಕ್ಕೂ ಇಲ್ಲ. ಎಣಿಸದೇ ಇರುವುದಕ್ಕೆ 'ಕಡಿಮೆ' ಅನ್ನುತ್ತೇವೆ. ಕಡಿಮೆ ಇರುವುದಕ್ಕೆ ಔಷಧಿ ಯಾಕೆ ತರಿಸಬೇಕು, ಡಾಕ್ಟರು ಯಾಕೆ ಬೇಕು ಅನ್ನುತ್ತೇವೆ. ಡಾಕ್ಟರಿಲ್ಲದ ಕಡೆ ಪತ್ತೆ ಮಾಡುವವರು ಯಾರು? ಯಾರೂ ಇಲ್ಲ. ಮತ್ತೆ ಕಡಿಮೆ! ಗಾಣದೆತ್ತು ಕೂಡ ಇಷ್ಟು ಅಚ್ಚುಕಟ್ಟಾಗಿ ಸುತ್ತುವುದಿಲ್ಲ. ಈ ದೇಶದಲ್ಲಿ ಎಮ್ಮೆ, ಕುರಿ, ಕೋಳಿಗಳನ್ನು ಕೊಟ್ಟಿಗೆಗೆ ಬಂದು ಎಣಿಸಿಕೊಂಡು ಹೋಗುತ್ತಾರೆ. ಅಂಗವಿಕಲರ ಕಾನೂನಿನಲ್ಲಿ ಎಂ.ಎಸ್. ಹೆಸರು ಅಚ್ಚಾಗಿದೆ. ಆದರೂ ಒಂದು ಕಚೇರಿಯಲ್ಲಿ ಪ್ರಮಾಣಪತ್ರ ಕೇಳಲು ಹೋದ ರತ್ನಳನ್ನು ಮೇಲಿಂದ ಕೆಳಗೆ ನೋಡಿ, "ನಡ್ಕೊಂಡೇ ಬಂದಿದ್ದೀರಲ್ಲ ಮೇಡಂ?" ಅಂದರು. ತೆವಳಿಕೊಂಡು ಹೋಗಬೇಕಿತ್ತೇನೋ.

ಮೊನ್ನೆ ಭಾನುವಾರ ಆ ಹುಡುಗಿ ಫೋನ್ ಮಾಡಿದ್ದಳಂತೆ. ಗಂಡನಿಗೆ ಹೇಳಿಬಿಟ್ಟಳು. ಅವನು ಗೋಡೆಗೊರಗಿ ಕೂತ. ಆಮೇಲೆ, "ಅವತ್ತು ಹಾಲು ಚೆಲ್ಲಿದ್ದು ಇದಕ್ಕೇನಾ?" ಅಂತ ಕೇಳಿದ. ಹೂಂ ಅಂದಳು. ಅವತ್ತು ಅಮ್ಮ ಬೈಯುವಾಗ ತಾನೂ ಸುಮ್ಮನಿದ್ದೆನಲ್ಲ ಅಂತ ಅತ್ತನಂತೆ. ಬೆಂಗಳೂರಿಗೆ ಕರೆದುಕೊಂಡು ಹೋದ. ಔಷಧಿ ಮತ್ತೆ ಶುರುವಾಗಿದೆ. ಕೇಳಿ ರತ್ನಳಿಗೂ ಕಣ್ಣು ತುಂಬಿತು, ನನಗೂ.

ಆದರೆ ಅವನು ಹೆಂಡತಿಗೆ ಇನ್ನೊಂದು ಮಾತೂ ಹೇಳಿದ್ದಾನೆ: "ಅಮ್ಮಂಗೆ ಬೆನ್ನುನೋವು ಅಂತಾನೇ ಇರ್ಲಿ. ಊರೋರಿಗೆ ಗೊತ್ತಾಗೋದು ಬೇಡ. ನಮ್ಮ ತಂಗಿ ಮದ್ವೆ ಇನ್ನೂ ಆಗ್ಬೇಕು."

ಒಳ್ಳೆಯ ಹುಡುಗ. ಅವನನ್ನು ಬೈಯಲು ಮನಸ್ಸು ಬರುವುದಿಲ್ಲ. ನಾಳೆ ಯಾರಾದರೂ ಎಣಿಸಲು ಹೋಗಿ ಬಾಗಿಲು ತಟ್ಟಿದರೂ, ಆ ಮನೆಯಿಂದ ಬರುವ ಉತ್ತರ 'ನಮ್ಮಲ್ಲಿ ಅಂಥದ್ದೇನೂ ಇಲ್ಲ' ಎಂದೇ.

ದೇಶಕ್ಕೆ ದೇಶವೇ ಈ ಉತ್ತರ ಕೊಡುತ್ತಿದ್ದರೆ, ಕಾಯಿಲೆ ಅಪರೂಪವಾಗದೆ ಇನ್ನೇನಾದೀತು?