ಹೀಟರಿನ ಮೇಲೆ ಮಾವನ ಗೆರೆ

ನಮ್ಮ ಸೋದರಮಾವ ಒಡೆದದ್ದನ್ನು ಕೂಡಿಸುವವನು. ಜಾಡಿ, ಹೂದಾನಿ, ಬೊಂಬೆ, ಪಿಂಗಾಣಿಯದು ಯಾವುದಾದರೂ ಸರಿ, ಚೂರು ತಂದುಕೊಟ್ಟರೆ ಇಡಿಯಾಗಿ ವಾಪಸಾಗುತ್ತಿತ್ತು. ಬಿರುಕು ಎಲ್ಲಿತ್ತೆಂದು ಯಾರಾದರೂ ಕಂಡುಹಿಡಿದರೆ ಮಾತ್ರ ಅವನಿಗೆ ಮೂರು ದಿನ ಊಟ ಸೇರುತ್ತಿರಲಿಲ್ಲ. ಹೊಗಳಿಕೆಗೆ ಉಬ್ಬುವ ಜೀವ, ಸುಳ್ಳೇಕೆ ಹೇಳಲಿ.

ಅಮ್ಮನ ಕೋಣೆಯ ಗ್ಯಾಸ್ ಹೀಟರ್ ನನಗಿಂತ ಹಳೆಯದು. ಉರಿಯ ಮುಂದೆ ನಿಂತು ಕೆಂಪಗೆ ಕಾಯುವ ನಾಲ್ಕು ಪಿಂಗಾಣಿ ಬಿಲ್ಲೆಗಳಲ್ಲಿ ಒಂದು, ನಾನು ಧೂಳು ಒರೆಸುವಾಗ ಕೈಜಾರಿ ಎರಡು ಹೋಳಾಯಿತು. ಅಂಥ ಬಿಲ್ಲೆ ಈಗ ಯಾವ ಅಂಗಡಿಯಲ್ಲೂ ಇಲ್ಲ. ಗಾಳಿ ಬೀಸುವ ಹೊಸ ಹೀಟರ್ ತಂದೆ. ಅಮ್ಮನಿಗೆ ದಮ್ಮು, ಅದರ ಒಣಗಾಳಿಗೆ ಕೆಮ್ಮಿ ಕೆಮ್ಮಿ ಹಣ್ಣಾದಳು, ಅದನ್ನೂ ಆರಿಸಿಟ್ಟೆ. ಎರಡು ಸ್ವೆಟರ್ ತೊಟ್ಟೂ ಅವಳು ನಡುಗುವುದನ್ನು ನೋಡಿ ನನ್ನ ಕೈಯನ್ನೇ ಶಪಿಸಿಕೊಂಡೆ.

"ನಮ್ಮಕ್ಕನ ಹೀಟರ್ ತಾನೇ, ಕೊಡು ಇಲ್ಲಿ," ಎಂದ ಮಾವ. ಬೆಂಕಿಗೆ ಬಗ್ಗದ ಮಣ್ಣಿನ ಅಂಟು ಕಲಸಿ, ಹೋಳು ಕೂಡಿಸಿ, ಎರಡು ದಿನ ಕಾವಿಗೆ ಕೂತ ಕೋಳಿಯ ಹಾಗೆ ಕಾದ. ಮೂರನೆಯ ಬೆಳಿಗ್ಗೆ ಬಂದು ಜೋಡಿಸಿದ. ಎಲ್ಲಿ ಒಡೆದಿತ್ತೆಂದು ಒಡೆದ ನನಗೇ ಗೊತ್ತಾಗಲಿಲ್ಲ. ಅಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

ಹೀಟರ್ ಹೊತ್ತಿಸಿದ ಮೇಲೆ ಒಂದು ಲೋಟ ಕಾಫಿ ಮುಗಿಯುವವರೆಗೆ ಉರಿಯನ್ನೇ ನೋಡುತ್ತ ಕೂರುವುದು ಮಾವನ ಪದ್ಧತಿ. ಅರ್ಧ ಕಾಫಿಗೇ ಅವನ ಮುಖ ಇಳಿಯಿತು. ಮೂರು ಬಿಲ್ಲೆಗಳ ಹಿಂದೆ ನೀಲಿ ಉರಿ. ಕೂಡಿಸಿದ್ದರ ಹಿಂದೆ ಹಳದಿ ನಾಲಗೆ, ತುದಿಯಲ್ಲಿ ಮಸಿ. ಗ್ಯಾಸ್ ಆರಿಸಿ ಕಿಟಕಿ ತೆರೆದ.

"ಏನಾಯ್ತೋ?" ಅಮ್ಮ ಕೇಳಿದಳು.

"ತಪ್ಪು ನಂದೇ ಅಕ್ಕಾ. ಗೆರೆ ಕಾಣಬಾರದು ಅಂತ ಅಂಟನ್ನೆಲ್ಲ ಹಿಂದಕ್ಕೆ ತಳ್ಳಿದ್ದೆ. ಆ ಗಂಟು ಉರಿಗೆ ತಾಗ್ತಿದೆ. ಹಿಂಗೇ ಬಿಟ್ಟಿದ್ರೆ ಕೋಣೆ ತುಂಬ ವಿಷದ ಗಾಳಿ."

ಬಿಲ್ಲೆ ತಣಿದ ಮೇಲೆ ಹಿಂದಿನ ಗಂಟನ್ನು ಉಜ್ಜಿ ತೆಗೆದ. ಕೂಡಿಸಿದ್ದು ನಿಲ್ಲಬೇಕಲ್ಲ, ಮುಂದೆಯೇ ದಪ್ಪಗೆ ಅಂಟು ಮೆತ್ತಬೇಕಾಯಿತು. ಮತ್ತೆರಡು ದಿನ ಅಮ್ಮ ರಗ್ಗು ಹೊದ್ದು ಕಾದಳು.

ಈ ಸಲ ಕಾಫಿ ಪೂರ್ತಿ ಮುಗಿಯಿತು, ಉರಿ ನೀಲಿಯಾಗಿಯೇ ಇತ್ತು. ಬಿಲ್ಲೆಯ ನಡುವೆ ಮಾತ್ರ ಹೊಲಿಗೆ ಹಾಕಿದ ಗಾಯದಂಥ ಅಡ್ಡಗೆರೆ. ಅದು ಅಮ್ಮನಿಗೆ ಕಾಣದಂತೆ ಮಾವ ಅಡ್ಡ ನಿಂತುಕೊಂಡ.

"ಸ್ವಲ್ಪ ಸರಿಯೋ, ಶಾಖ ಬರ್ಲಿ."

ಮಾವ ಸರಿದ. ಅಮ್ಮ ಕೈ ಕಾಯಿಸಿಕೊಳ್ಳುತ್ತ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ನೀನು ಕೂಡಿಸಿದ್ದು ಈ ಮನೇಲಿ ಎಷ್ಟೋ ಇದೆ. ಯಾವುದು ಅಂತ ತೋರಿಸೋಕೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಇನ್ಮೇಲೆ ಬಂದೋರಿಗೆಲ್ಲ ತೋರಿಸ್ತೀನಿ, ಇದು ನನ್ನ ತಮ್ಮ ಮಾಡಿದ್ದು ಅಂತ."

ಮಾವ ಖಾಲಿ ಲೋಟವನ್ನೇ ಮತ್ತೊಮ್ಮೆ ಬಾಯಿಗಿಟ್ಟುಕೊಂಡ.